ಅಜ್ಜಂದಿರ ಖಾಲಿ ಚೌಕಗಳು

ನನ್ನ ಮಗಳಿಗೆ ಬೈದರೆ ಅವಳು ಕಿವಿಯ ಮೇಲಿನ ಯಂತ್ರವನ್ನು ತೆಗೆದು ಮೇಜಿನ ಮೇಲಿಡುತ್ತಾಳೆ. ಆಮೇಲೆ ನಾನು ಏನು ಹೇಳಿದರೂ ಅವಳ ಪಾಲಿಗೆ ನನ್ನ ಬಾಯಿ ಆಡುವುದು ಮಾತ್ರ. ಐದು ವರ್ಷದ ಹುಡುಗಿಗಿರುವ ಈ ಸವಲತ್ತು ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಅತ್ತೆ ಗೊಣಗಲು ತೊಡಗಿದಾಗಲೆಲ್ಲ ಮಾವ ಮೊಮ್ಮಗಳ ಕಡೆ ನೋಡಿ, "ಅಂಥದ್ದೊಂದು ನಂಗೂ ಸಿಕ್ತದಾ ಕೇಳು ಮಾರಾಯ್ತಿ" ಎನ್ನುತ್ತಾರೆ.

ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ನಮಗೆ ಅದು ತಿಳಿದದ್ದು ವರ್ಷ ಕಳೆದ ಮೇಲೆ. ಹೇಗೆ ತಿಳಿಯಿತೆಂದು ಯಾರಾದರೂ ಕೇಳಿದರೆ ನಾನು ಒಂದು ಸಂಜೆಯನ್ನು ಹೇಳುತ್ತೇನೆ: ಅಡುಗೆಮನೆಯಲ್ಲಿ ಕೊಡಪಾನ ಉರುಳಿ ಬಿತ್ತು, ಅವಳು ತಿರುಗಿ ನೋಡಲಿಲ್ಲ. ನನ್ನ ಗಂಡ ಹೇಳುವುದೇ ಬೇರೆ. ಕಡಬ ಪೇಟೆಯಲ್ಲಿರುವ ಅವರ ಪಂಪ್ ರಿಪೇರಿಯ ಅಂಗಡಿಯಲ್ಲಿ, ಮೋಟಾರು ಅಬ್ಬರಿಸುತ್ತಿದ್ದಾಗ, ಅವಳು ತೊಡೆಯ ಮೇಲೆ ಹಾಯಾಗಿ ನಿದ್ದೆ ಮಾಡಿದ್ದಳಂತೆ. ನಾನು ಪುತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬರ ನೆನಪನ್ನು ಒಂದೇ ಸಲಕ್ಕೆ ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಮನೆಗೆ ಬಂದು ಕೊಡಪಾನದ ಕತೆಯನ್ನು ಮಾತ್ರ ಪೂರ್ತಿ ನಂಬುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಉಂಟು, ಆದರೆ ಆ ದಿನಗಳಲ್ಲಿ ನಾನು ಏನನ್ನೂ ಬರೆದಿಲ್ಲ.

ಕಿವಿಯ ಡಾಕ್ಟರು ಆಗ ಎರಡು ಪ್ರಶ್ನೆ ಕೇಳಿದ್ದರು. ನಿಮ್ಮದು ಸಂಬಂಧದಲ್ಲಿ ಆದ ಮದುವೆಯೇ? ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಕಿವಿ ಕೇಳದೆ ಇತ್ತೇ? ಎರಡಕ್ಕೂ ನಾನು, ಗಂಡ, ಅತ್ತೆ ಮೂವರೂ ಒಟ್ಟಿಗೆ ಇಲ್ಲ ಎಂದೆವು. ಹಾಗಾದರೆ ಬಸುರಿಯಾಗಿದ್ದಾಗ ಜ್ವರವೇನಾದರೂ ಬಂದಿತ್ತೇ ಎಂದು ಅವರು ಕೇಳಿದರು. ಬಂದಿತ್ತು. ಮೂರನೇ ತಿಂಗಳಲ್ಲಿ ಎಂದು ಅತ್ತೆ ಹೇಳಿದರು, ನನಗೆ ಐದನೆಯದು ಎಂದು ನೆನಪು. ಅದರಿಂದಲೂ ಆಗಿರಬಹುದು ಎಂದು ಡಾಕ್ಟರು ಹೇಳಿದ್ದು "ಆಗಿರಬಹುದು" ಎಂದೇ. ನಮ್ಮ ಮನೆಗೆ ಬರುವಷ್ಟರಲ್ಲಿ ಅದು "ಆ ಜ್ವರದಿಂದ" ಎಂದಾಗಿತ್ತು. ನೆಂಟರು ಬಂದರೆ ಅತ್ತೆ ದನಿ ತಗ್ಗಿಸಿ ಅದನ್ನೇ ಹೇಳುತ್ತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕಾರಣ ಒಂದು ಬೇಕಿತ್ತು, ಅಷ್ಟೆ.

ಆಪರೇಷನ್ ಆಯಿತು, ಯಂತ್ರ ಬಂತು. ಮಗಳು ನಿಧಾನವಾಗಿ ಮಾತು ಕಲಿತಳು. ಅವಳಿಗೆ ನಾಲ್ಕು ತುಂಬಿದಾಗ ಇನ್ನೊಂದು ಮಗು ಬೇಕು ಎಂದು ನನಗೆ ಅನಿಸತೊಡಗಿತು. ಗಂಡನಿಗೂ ಹಾಗೇ ಇತ್ತು. ಆದರೆ ಅದಕ್ಕೂ ಹೀಗೇ ಆದರೆ ಎಂಬ ಮಾತನ್ನು ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ. ಜ್ವರದಿಂದ ಆದದ್ದಾದರೆ ಮತ್ತೆ ಆಗಲಾರದು. ಜ್ವರದಿಂದ ಅಲ್ಲವಾದರೆ? ಹೀಗೆ ಒಂದು ವರ್ಷ ಹೋಯಿತು.

ಆ ಹೊತ್ತಿಗೆ ನನ್ನ ತಂಗಿ ಒಂದು ಭಾನುವಾರ ಚಾರ್ಟ್ ಪೇಪರ್ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ತಂಗಿ ಎಂದರೆ ಚಿಕ್ಕಮ್ಮನ ಮಗಳು. ನಾವಿಬ್ಬರೂ ಸುಳ್ಯದ ಒಂದೇ ಮನೆಯ ಅಜ್ಜ ಅಜ್ಜಿಯ ಮೊಮ್ಮಕ್ಕಳು. ಅವಳು ಮೆಡಿಕಲ್ ಓದುತ್ತಿದ್ದಾಳೆ. ಅವರ ಕಾಲೇಜಿನಲ್ಲಿ ಜೀನುಗಳ ವೈದ್ಯದ ಬಗ್ಗೆ ಹೊಸದಾಗಿ ಒಂದು ಕೋರ್ಸು ಶುರುವಾಗಿತ್ತಂತೆ. ಪಾಠಕ್ಕಿಂತ ಮೊದಲೇ ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟಿದ್ದರು: ಇಂಥಿಂಥ ಕೆಲಸ ಮಾಡಲು ನಿಮಗೆ ಎಷ್ಟು ಧೈರ್ಯ ಉಂಟು, ಒಂದರಿಂದ ಐದರವರೆಗೆ ಗುರುತು ಹಾಕಿ.

"ರಿಪೋರ್ಟ್ ಓದುದಕ್ಕೆ ಮೂರು ಹಾಕಿದೆ. ಮನೆಯವರಿಗೆ ಅರ್ಥ ಮಾಡಿಸುದಕ್ಕೆ ನಾಲ್ಕು," ಎಂದಳು. "ಕುಟುಂಬದ ವಿವರ ತೆಗೆಯುದಕ್ಕೆ ಕಣ್ಣು ಮುಚ್ಚಿ ಐದು."

"ಅಷ್ಟು ಧೈರ್ಯವಾ?"

"ಮತ್ತೆಂತ ಅಕ್ಕ? ನಮ್ಮವರಿಗೆ ಅದೊಂದು ಕಷ್ಟವಾ? ಕ್ಲಾಸಿನಲ್ಲಿ ಕೆಲವರಿಗೆ ಅಜ್ಜಿಯ ತಂಗಿ ಯಾರಂತ ಗೊತ್ತಿಲ್ಲ!"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಮನೆತನ ಹರಿಯುವುದು ತಾಯಿಯ ಕಡೆಯಿಂದ. ಬಳಿ ಎಂದರೆ ಗೋತ್ರದ ಹಾಗೆ; ತಾಯಿಯ ಬಳಿಯೇ ಮಕ್ಕಳ ಬಳಿ. ಒಂದೇ ಬಳಿಯವರು ಅಣ್ಣ ತಂಗಿಯರು, ಮದುವೆಯಾಗುವಂತಿಲ್ಲ. ವರ್ಷಕ್ಕೊಮ್ಮೆ ದೈವಗಳಿಗೆ ತಂಬಿಲ ಕೊಡುವ ದಿನ ಮೂಲಮನೆಯಲ್ಲಿ ಸೇರುವವರೆಲ್ಲ ಒಂದೇ ಹೆಂಗಸಿನಿಂದ ಇಳಿದು ಬಂದವರು. ಯಾರು ಯಾರ ಮಗಳು ಎಂಬುದು ಅಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ಊಟದ ಮೇಜಿನ ಮೇಲೆ ಕಾಗದ ಹರಡಿದಳು. ಹೆಣ್ಣಿಗೆ ವೃತ್ತ, ಗಂಡಿಗೆ ಚೌಕ, ತೊಂದರೆ ಇದ್ದವರಿಗೆ ಒಳಗೆ ಕಪ್ಪು. ಗೊತ್ತಿರುವ ಒಂದು ಕುಟುಂಬದ ಮೂರು ತಲೆಮಾರು ಬರೆದು ತನ್ನಿ ಎಂದಿದ್ದರಂತೆ. ಅತ್ತೆ ಕುರ್ಚಿ ಎಳೆದುಕೊಂಡು ಕುಳಿತು ತಮ್ಮ ತಾಯಿ, ತಾಯಿಯ ತಾಯಿ, ಅವರ ಅಕ್ಕತಂಗಿಯರು ಎಂದು ಹೇಳುತ್ತಾ ಐದು ತಲೆಮಾರು ಮೇಲೆ ಹತ್ತಿದರು. ನನ್ನ ಕಡೆಯದು ತಂಗಿಗೇ ಗೊತ್ತಿತ್ತು. ಅಲ್ಲೂ ಐದು. ಮದುವೆಯಾಗಿ ಬಂದ ಗಂಡಸರಿಗೆ ಒಂದೊಂದು ಖಾಲಿ ಚೌಕ ಹಾಕಿ ಮುಂದೆ ಹೋದಳು. ಆ ಚೌಕಗಳ ಮೇಲೆ ಗೆರೆಯೇ ಇರಲಿಲ್ಲ. ನಾನು ಅದನ್ನು ನೋಡಿದೆನೇ? ನೋಡಿರಬೇಕು, ಅಲ್ಲೇ ಕಾಫಿ ಹಿಡಿದು ನಿಂತಿದ್ದೆ. ವಿಚಿತ್ರ ಅನಿಸಿದ ನೆನಪಿಲ್ಲ.

ಕೊನೆಗೆ ಅವಳು ಡಾಕ್ಟರ ದನಿಯಲ್ಲಿ ಕೇಳಿದಳು. "ನಿಮ್ಮ ಮಗ ಸೊಸೆಯದು ಸಂಬಂಧದಲ್ಲಿ ಆದ ಮದುವೆಯಾ ಅಮ್ಮಾ?"

"ಛೆ! ಬಳಿ ನೋಡದೆ ಮದುವೆ ಮಾಡ್ತೇವಾ?" ಎಂದರು ಅತ್ತೆ. "ಬಳಿ ಬೇರೆ, ಮನೆ ಬೇರೆ, ತಾಲೂಕೇ ಬೇರೆ."

ತಂಗಿ ನನ್ನ ವೃತ್ತಕ್ಕೂ ಗಂಡನ ಚೌಕಕ್ಕೂ ನಡುವೆ ಒಂದು ಗೆರೆ ಎಳೆದಳು. ಸಂಬಂಧಿಕರಾದರೆ ಎರಡು ಗೆರೆ ಎಳೆಯಬೇಕಂತೆ. ಕೆಳಗೆ ಮಗಳ ಪುಟ್ಟ ವೃತ್ತ ಬರೆದು ಒಳಗೆ ಕಪ್ಪು ತುಂಬಿದಳು. ಮಗಳು ಬಂದು ನೋಡಿ, ತನ್ನದಕ್ಕೆ ಮಾತ್ರ ಬಣ್ಣ ಹಾಕಿದ್ದಾರೆಂದು ಬೀಗಿದಳು.

ಮುಂದಿನ ವಾರ ತಂಗಿಯ ಫೋನ್ ಬಂತು. ನಗುತ್ತಿದ್ದಳೋ ಅಳುತ್ತಿದ್ದಳೋ ಮೊದಲಿಗೆ ತಿಳಿಯಲಿಲ್ಲ. ಅವರ ಮೇಡಂ ಬಯಲುಸೀಮೆಯವರು. ಚಾರ್ಟನ್ನು ಗೋಡೆಗೆ ಅಂಟಿಸಿ ಸ್ವಲ್ಪ ಹೊತ್ತು ನೋಡಿ, "ಏನಮ್ಮ ಇದು, ನಿಮ್ಮೂರಲ್ಲಿ ಗಂಡಸ್ರು ಮರದಿಂದ ಉದುರ್ತಾರಾ? ಇವರಿಗೆಲ್ಲ ಅಪ್ಪ ಅಮ್ಮ ಇಲ್ವಾ?" ಎಂದರಂತೆ. ಇಡೀ ಕ್ಲಾಸು ನಕ್ಕಿತಂತೆ. ಬಳಿಯ ಲೆಕ್ಕವನ್ನು ಇವಳು ವಿವರಿಸಹೋದಾಗ ಅವರು ಶಾಂತವಾಗಿ ಹೇಳಿದ್ದು ಇಷ್ಟು: "ಬಳಿ ತಾಯಿಯಿಂದ ಬರಲಿ. ಜೀನು ಅರ್ಧ ತಂದೆಯಿಂದ ಬರುತ್ತೆ. ಅರ್ಧ ಮನೆ ಬಿಟ್ಟು ಬಂದಿದ್ದೀಯ."

"ಅದು ನಂಗೆ ಪಿಯುಸಿಯಿಂದಲೇ ಗೊತ್ತುಂಟು ಅಕ್ಕ," ಎಂದಳು ತಂಗಿ. "ಗೊತ್ತಿದ್ದೂ ಬಿಟ್ಟೆ. ಬಿಟ್ಟದ್ದು ಗೊತ್ತೇ ಆಗ್ಲಿಲ್ಲ."

ಆ ಭಾನುವಾರ ಮತ್ತೆ ಬಂದಳು. ಸೀದಾ ಮಾವನ ಹತ್ತಿರ ಹೋಗಿ ಕುಳಿತಳು. ಅವರು ದನಕ್ಕೆ ಹಿಂಡಿ ಕಲಸುತ್ತಿದ್ದರು.

"ನನ್ನನ್ನು ಕೇಳುದಾ?" ಎಂದರು. "ನಾನು ಈ ಮನೆಗೆ ಬಂದವ ಮಾರಾಯ್ತಿ. ವಿಷಯ ಬೇಕಾದರೆ ಒಳಗೆ ಹೋಗು."

"ಈ ಸಲ ಬಂದವರನ್ನೇ ಕೇಳುದು. ನಿಮ್ಮ ಅಪ್ಪ ಎಲ್ಲಿಯವರು?"

"ಕೊಯಿಲದವರು. ಅಲ್ಲ, ಕೊಯಿಲದ ಫಾರಂನಲ್ಲಿ ಹೋರಿ ನೋಡಿಕೊಳ್ಳುವ ಕೆಲಸ. ಅಲ್ಲೇ ಹತ್ತಿರ ಮದುವೆ ಆದದ್ದು. ಹುಟ್ಟಿದ್ದು ಬೆಟ್ಟಂಪಾಡಿಯಲ್ಲಿ."

"ಅವರಿಗೆ ಅಣ್ಣ ತಮ್ಮ?"

"ಒಬ್ಬ ಅಣ್ಣ ಇದ್ದರಂತೆ. ಸುಳ್ಯ ಕಡೆ ಹೆಂಡತಿ ಮನೆಗೆ ಹೋದದ್ದಂತೆ. ನಾನು ಕಂಡದ್ದಿಲ್ಲ."

ತಂಗಿಯ ಪೆನ್ಸಿಲು ನಿಂತಿತು. ಅವಳು ನನ್ನ ಮುಖ ನೋಡಿದಳು. ಸುಳ್ಯದ ನಮ್ಮ ಮನೆಯಲ್ಲಿ ಅಮ್ಮನ ತಂದೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಬೆಟ್ಟಂಪಾಡಿ ಅಜ್ಜ ಎಂದೇ. ಬಂದ ಗಂಡಸರಿಗೆ ಹೆಸರಿಗಿಂತ ಬಂದ ಊರೇ ಗುರುತು. ಈ ಮನೆಯಲ್ಲಿ ಮಾವನ ತಂದೆಯನ್ನು ಕೊಯಿಲದವರು ಎನ್ನುತ್ತಿದ್ದರು. ಒಬ್ಬರಿಗೆ ಹುಟ್ಟಿದ ಊರಿನ ಗುರುತು, ಇನ್ನೊಬ್ಬರಿಗೆ ದುಡಿದ ಊರಿನದು. ಹಾಗಾಗಿ ಎರಡು ಮನೆಯವರು ಮದುವೆಯ ಮಾತಿಗೆ ಕುಳಿತಾಗ ಬಳಿ ಕೇಳಿದರು, ಮನೆ ಕೇಳಿದರು. ಹುಡುಗಿಯ ತಾಯಿಯ ತಂದೆ ಯಾರು, ಹುಡುಗನ ತಂದೆಯ ತಂದೆ ಯಾರು ಎಂದು ಯಾರೂ ಕೇಳಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆವು.

"ಹೌದಲ್ಲ," ಎಂದರು ಅಮ್ಮ, ಬೆಳಗಿನ ತಿಂಡಿ ಎಂತ ಎಂದು ಕೇಳಿದಷ್ಟೇ ಸಲೀಸಾಗಿ. "ಅಪ್ಪನಿಗೆ ಒಬ್ಬ ತಮ್ಮ ಇದ್ದ. ಎಲ್ಲಿಯೋ ದನದ ಫಾರಂಗೆ ಹೋದ ಅಂತ ಹೇಳ್ತಿದ್ರು."

"ಮತ್ತೆ ಹೇಳ್ಲಿಲ್ಲ ಯಾಕೆ ದೊಡ್ಡಮ್ಮ?" ತಂಗಿ ಕೂಗಿದಳು.

"ನೀವು ಕೇಳ್ಲಿಕ್ಕೆ ಬೇಡವಾ? ಅವರ ಮಕ್ಕಳು ಅವರ ತಾಯಿ ಮನೆಯವರು. ನಮಗೂ ಅವರಿಗೂ ಎಂತ ಉಂಟು?"

ಅತ್ತೆ ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದರು. ಅಣ್ಣತಮ್ಮಂದಿರ ಮಕ್ಕಳು ಎಂದರೆ ನನ್ನ ಅಮ್ಮನೂ ಮಾವನೂ ಅಕ್ಕತಮ್ಮ ಆದ ಹಾಗೆ. "ಹಾಗಾದ್ರೆ ಇವರು ನಿನಗೆ ಸೋದರಮಾವನೇ ಆದ್ರು!" ಎಂದರು ನನಗೆ. "ಮಾವ ಅಂತ ಕರೆದದ್ದು ಎರಡು ಕಡೆಯಿಂದಲೂ ಸರಿಯೇ ಆಯ್ತು." ಮಾವ ಹಿಂಡಿಯ ಕೈಯಲ್ಲೇ ನಕ್ಕರು. "ಮೊದಲೇ ಗೊತ್ತಿದ್ರೆ ಸೊಸೆ ಮದುವೆಯಲ್ಲಿ ಸೋದರಮಾವನ ಸೀರೆ ಅಂತ ಇನ್ನೊಂದು ಕೇಳ್ತಿದ್ಳು."

ತಂಗಿ ನಗಲಿಲ್ಲ. ರಬ್ಬರಿನಿಂದ ನನ್ನ ಮತ್ತು ಗಂಡನ ನಡುವಿನ ಗೆರೆ ಅಳಿಸಿ ಎರಡು ಗೆರೆ ಎಳೆದಳು. ಆಮೇಲೆ ತಾನೇ ಹಾಕಿದ್ದ ಖಾಲಿ ಚೌಕದ ಮೇಲೆ ಬೆರಳಿಟ್ಟು, "ನನ್ನದೇ ಅಜ್ಜ ಅಕ್ಕ. ಸೈಕಲ್ ಕಲಿಸಿದ ಅಜ್ಜ. ಅವರನ್ನೇ ಖಾಲಿ ಬಿಟ್ಟದ್ದು," ಎಂದಳು.

ಅಂದಿನಿಂದ ನನ್ನ ನೆನಪು ತನ್ನ ಕೆಲಸ ಶುರುಮಾಡಿತು. ಮಾವನ ಕಿರುಬೆರಳು ಸ್ವಲ್ಪ ಒಳಗೆ ಬಾಗಿದೆ. ಬೆಟ್ಟಂಪಾಡಿ ಅಜ್ಜನ ಬೆರಳೂ ಹಾಗೆಯೇ ಇತ್ತು ಎಂದು ನನಗೆ ಖಚಿತವಾಗಿ ನೆನಪಾಯಿತು. ಎಲೆ ಅಡಿಕೆಗೆ ಸುಣ್ಣ ಹಚ್ಚುವಾಗ ಆ ಬೆರಳು ಎದ್ದು ನಿಲ್ಲುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅಮ್ಮನನ್ನು ಕೇಳಿದೆ. ಇಲ್ಲ ಎಂದರು. ಚಿಕ್ಕಮ್ಮನೂ ಇಲ್ಲ ಎಂದರು, ಅಜ್ಜ ಸುಣ್ಣವನ್ನೇ ಮುಟ್ಟುತ್ತಿರಲಿಲ್ಲವಂತೆ. ಈಗಲೂ ಕಣ್ಣು ಮುಚ್ಚಿದರೆ ಆ ಬೆರಳು ಕಾಣುತ್ತದೆ.

ಸಂಬಂಧ ಹೊರಬಿದ್ದ ಮೇಲೆ ತಂಗಿಯ ಮೇಡಂ ಮಂಗಳೂರಿನ ಒಬ್ಬ ಜೀನು ತಜ್ಞರ ಬಳಿಗೆ ನಮ್ಮನ್ನು ಕಳಿಸಿದರು. ತಂಗಿಯೂ ರಜೆ ಹಾಕಿ ಜೊತೆಗೆ ಬಂದಳು. ನನ್ನ, ಗಂಡನ, ಮಗಳ ರಕ್ತ ತೆಗೆದರು. ಕೆಲವು ವಾರಗಳ ನಂತರ ರಿಪೋರ್ಟ್ ಬಂತು. ಕಿವಿಗೆ ಸಂಬಂಧಪಟ್ಟ ಒಂದು ಜೀನಿನ ಎರಡು ಪ್ರತಿಗಳಲ್ಲಿ ನನ್ನದೊಂದು ಕೆಟ್ಟಿತ್ತು, ಗಂಡನದೂ ಒಂದು. ಒಂದು ಕೆಟ್ಟರೂ ಇನ್ನೊಂದು ಸರಿಯಿದ್ದುದರಿಂದ ನಮಗೆ ಕಿವಿ ಕೇಳುತ್ತದೆ. ಮಗಳಿಗೆ ಇಬ್ಬರಿಂದಲೂ ಕೆಟ್ಟದ್ದೇ ಬಂದಿತ್ತು.

"ಅಂದ್ರೆ ಬೆಟ್ಟಂಪಾಡಿ ಮನೆಯಿಂದಲೇ ಬಂದದ್ದಲ್ವಾ ಸರ್?" ತಂಗಿ ಮುಂದೆ ಬಾಗಿ ಕೇಳಿದಳು. ಕಳ್ಳನನ್ನು ಹಿಡಿದುಕೊಟ್ಟವಳ ಉತ್ಸಾಹ.

ಡಾಕ್ಟರು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಈ ಬದಲಾವಣೆ ನಮ್ಮ ದೇಶದಲ್ಲಿ ಅಪರೂಪದ್ದಲ್ಲ, ಸಂಬಂಧವೇ ಇಲ್ಲದ ದಂಪತಿಗಳಲ್ಲೂ ಸಿಗುತ್ತದೆ, ನಿಮಗೆ ಅಜ್ಜಂದಿರಿಂದ ಬಂದಿರಬಹುದು, ಬೇರೆ ದಾರಿಯಿಂದಲೂ ಬಂದಿರಬಹುದು ಎಂದರು. "ಕುಟುಂಬದ ಚಿತ್ರ ಪರೀಕ್ಷೆಯ ಬಾಗಿಲವರೆಗೆ ತಂದಿತು. ಅದಕ್ಕಿಂತ ಹೆಚ್ಚು ಅದರಿಂದ ಹೇಳಿಸಬೇಡಿ." ಇದು ಹೆಚ್ಚುಕಡಿಮೆ ಅವರ ಮಾತು. ನಾನು ಕ್ಲಾಸಿನಲ್ಲಿ ಹೇಳುವ ಮಾತಿಗೆ ಇದು ತೀರ ಹತ್ತಿರವಾಗಿರುವುದರಿಂದ ಸ್ವಲ್ಪ ನನ್ನದೂ ಸೇರಿರಬಹುದು.

ಹೊರಡುವಾಗ ನಾನು ಜ್ವರದ ಬಗ್ಗೆ ಕೇಳಿದೆ. ಜ್ವರಕ್ಕೂ ಇದಕ್ಕೂ ಏನೂ ಇಲ್ಲ ಎಂದುಬಿಟ್ಟರು. ಇಷ್ಟು ವರ್ಷ ಇದ್ದದ್ದು ಒಂದು ವಾಕ್ಯದಲ್ಲಿ ಹೋಯಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹೂಂ ಎಂದು ಅಕ್ಕಿ ತೊಳೆಯಲು ಹೋದರು. ಆಮೇಲೆ ಆ ಜ್ವರದ ಮಾತು ಅವರ ಬಾಯಲ್ಲಿ ಬರಲಿಲ್ಲ.

ಇನ್ನು ಉಳಿದದ್ದು ನಮಗೆ ಬೇಕಾಗಿದ್ದ ಪ್ರಶ್ನೆ. ಅದಕ್ಕೆ ಡಾಕ್ಟರು ಉತ್ತರ ಕೊಟ್ಟಿದ್ದರು. ಮನೆಯವರಿಗೆ ಹೇಳುವ ಕೆಲಸವನ್ನು ತಂಗಿ ತಾನೇ ವಹಿಸಿಕೊಂಡಳು. ಅದಕ್ಕೆ ನಾಲ್ಕು ಎಂದು ಗುರುತು ಹಾಕಿದ್ದಳಲ್ಲ. ಸಂಜೆ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದಳು, ಚೆನ್ನಾಗಿಯೇ ವಿವರಿಸಿದಳು. ಕೊನೆಗೆ ಹೇಳಿದಳು: "ಇವರಿಗೆ ಹುಟ್ಟುವ ಮಕ್ಕಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಹೀಗೆ ಆಗುವ ಸಂಭವ."

ಅತ್ತೆಯ ಮುಖ ಅರಳಿತು. "ಹಾಗಾದ್ರೆ ಆ ಒಂದು ಆಗಿ ಹೋಯ್ತಲ್ಲ! ಇನ್ನು ಮೂರಕ್ಕೆ ಭಯ ಇಲ್ಲ." ಮಾವ ಕೈ ಮುಗಿದರು. ಗಂಡ ನನ್ನ ಕಡೆ ನೋಡಿ ನಕ್ಕರು. ಮಂಗಳೂರಲ್ಲಿ ಡಾಕ್ಟರು ಹೇಳಿದ್ದನ್ನು ಅವರೂ ಕೇಳಿದ್ದರು, ಆದರೂ ಅತ್ತೆಯ ಲೆಕ್ಕವೇ ಅವರಿಗೆ ಬೇಕಾಗಿತ್ತು ಎಂದು ಕಾಣುತ್ತದೆ. ನನಗೂ ಬೇಕಾಗಿತ್ತು. ಒಂದು ಗಳಿಗೆ ನಾನೂ ಅದನ್ನು ನಂಬಿದೆ.

ತಂಗಿಯ ಮುಖದ ಬಣ್ಣ ಇಳಿಯಿತು. ಹಾಗಲ್ಲ ಎಂದು ಹೇಳಬೇಕು, ಹೇಳಿದರೆ ಈ ನಗು ಹೋಗುತ್ತದೆ. ಅವಳು ಚಾರ್ಟ್ ನೋಡಿದಳು. ಮತ್ತೆ ಮಾವನ ಕಡೆ ತಿರುಗಿದಳು.

"ನಿಮ್ಮ ಕಪಿಲೆ ದನ ಸಾಲಾಗಿ ಗಂಡುಕರು ಹಾಕಿತ್ತಲ್ಲ, ಎಷ್ಟು?"

"ಮೂರು," ಎಂದರು ಮಾವ, ಹಳೆಯ ಬೇಸರದಲ್ಲಿ.

"ಮೂರು ಗಂಡಾಯ್ತು, ನಾಲ್ಕನೆಯದು ಹೆಣ್ಣೇ ಅಂತ ನೀವು ಹೇಳಿದ್ದಿರಿ."

"ಊರಿಗೆಲ್ಲ ಹೇಳಿದ್ದೆ. ಅದು ಬೆಳೆದ ಮೇಲೆ ಅದರ ಹಾಲು ಯಾರಿಗೆ ಕೊಡುದು ಅಂತ ಕೂಡ ಮಾತಾಗಿತ್ತು."

"ಮತ್ತೆ?"

"ಎಂತ ಮತ್ತೆ? ನಾಲ್ಕನೆಯದೂ ಹೋರಿ."

"ದನಕ್ಕೆ ಹಿಂದಿನ ಲೆಕ್ಕ ಗೊತ್ತಿರುದಿಲ್ಲ ಮಾವ," ಎಂದಳು ತಂಗಿ ಮೆಲ್ಲಗೆ. "ಇದೂ ಹಾಗೆಯೇ. ಪ್ರತಿ ಮಗುವಿಗೂ ಹೊಸತಾಗಿ ನಾಲ್ಕರಲ್ಲಿ ಒಂದು. ಮೊದಲಿನದ್ದು ಆಗಿ ಹೋಯ್ತು ಅಂತ ಇಲ್ಲ."

ಮಾವ ಮುಗಿದ ಕೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಅತ್ತೆ ಎದ್ದು ಒಳಗೆ ಹೋಗುತ್ತಾ, "ದನಕ್ಕೆ ಹೋಲಿಸಿದ್ದು ನನ್ನ ಸೊಸೆಯನ್ನು," ಎಂದರು. ಅದು ಬೈಗುಳವೋ ತಮಾಷೆಯೋ ತಿಳಿಯದೆ ತಂಗಿ ಅಳುವ ಹಾಗಾದಳು. ಒಳಗಿನಿಂದ ಅತ್ತೆಯೇ ಕೂಗಿದರು: "ಅರ್ಥ ಆಯ್ತು ಮಾರಾಯ್ತಿ. ಬಾ, ಊಟ ಮಾಡು."

ಆ ತಿಂಗಳ ಕೊನೆಯಲ್ಲಿ ಅವಳ ಕೋರ್ಸು ಮುಗಿಯಿತು. ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟರಂತೆ. ಈ ಸಲ ಅವಳು ಕುಟುಂಬದ ವಿವರಕ್ಕೆ ಮೂರು, ಅರ್ಥ ಮಾಡಿಸುವುದಕ್ಕೆ ಎರಡು ಹಾಕಿದಳು. "ಕಲಿತ ಮೇಲೆ ಕಡಿಮೆ ಹಾಕಿದ್ರೆ ಕಲೀಲಿಲ್ಲ ಅಂತ ಆಗ್ತದಾ ಅಕ್ಕ?" ಎಂದು ಕೇಳಿದಳು. ನಿನ್ನ ಮೇಡಂ ಬಳಿ ಕೇಳು ಎಂದೆ. ಕೇಳಿದಳಂತೆ. ಅವರು ಆ ಕಾಗದವನ್ನು ಬೇರೆಯಾಗಿ ಎತ್ತಿಟ್ಟರಂತೆ.

ನಾವಿಬ್ಬರು ತೀರ್ಮಾನಕ್ಕೆ ಬಂದದ್ದು ಹೇಗೆ ಎಂದು ಬರೆಯಲು ಕುಳಿತರೆ ಕೈ ತಡೆಯುತ್ತದೆ. ಉತ್ತರ ಬಂದ ಮೇಲೆ ತೀರ್ಮಾನ ತಾನಾಗಿ ಬರುತ್ತದೆ ಎಂದು ತಿಳಿದಿದ್ದೆ. ನಾಲ್ಕರಲ್ಲಿ ಒಂದು ಎಂಬುದು ಹೌದೂ ಅಲ್ಲ, ಇಲ್ಲವೂ ಅಲ್ಲ. ನನ್ನ ಭಯ ಯಾವುದರದು ಎಂದು ಕೇಳಿಕೊಂಡೆ. ಇನ್ನೊಂದು ಮಗುವಿಗೆ ಕಿವಿ ಕೇಳದಿರುವುದರದೋ, ಗೊತ್ತಿದ್ದೂ ಹೆತ್ತಳು ಎಂಬ ಮಾತಿನದೋ? ಮೊದಲನೆಯದಕ್ಕೆ ದಾರಿ ನಮಗೆ ಗೊತ್ತಿತ್ತು, ಆ ದಾರಿಯಲ್ಲಿ ಒಮ್ಮೆ ನಡೆದಿದ್ದೇವೆ. ಈ ಸಲವಾದರೆ ಮೊದಲ ದಿನದಿಂದಲೇ ನಡೆಯಬಹುದು. ಎರಡನೆಯದು ಬರೀ ಮಾತು.

ಮಗಳಿಗೆ ತಮ್ಮನೋ ತಂಗಿಯೋ ಬಂದರೆ ಆದೀತೇ ಎಂದು ಒಂದು ದಿನ ಕೇಳಿದೆ.

"ಅದಕ್ಕೂ ಇದು ಉಂಟಾ?" ಎಂದು ತನ್ನ ಯಂತ್ರ ತೋರಿಸಿದಳು.

"ಗೊತ್ತಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು."

"ಇಲ್ಲದಿದ್ರೆ ಪಾಪ. ನೀನು ಬೈದದ್ದೆಲ್ಲ ಕೇಳ್ತದಲ್ಲ."

ನಗು ಬಂತು. ಗಂಡನಿಗೆ ಹೇಳಿದೆ, ಅವರೂ ನಕ್ಕರು. ಆ ನಗುವಿನಿಂದಲೇ ತೀರ್ಮಾನವಾಯಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದು ಕೊಡಪಾನದ ಕತೆಯಂತೆ ಆದೀತು. ಅದಕ್ಕೂ ಮೊದಲೇ ಆಗಿತ್ತೋ ಏನೋ.

ಈಗ ನನಗೆ ಐದನೇ ತಿಂಗಳು. ಹೊಟ್ಟೆಯಲ್ಲೇ ಪರೀಕ್ಷೆ ಮಾಡಿಸುವುದು ಬೇಡ, ಹುಟ್ಟಿದ ಕೂಡಲೇ ಕಿವಿಯ ಪರೀಕ್ಷೆ ಮಾಡಿಸುವುದು ಎಂದು ಇಬ್ಬರೂ ಒಪ್ಪಿದ್ದೇವೆ. ಆಸ್ಪತ್ರೆಯಲ್ಲಿ ಹೇಳಿಟ್ಟಾಗಿದೆ. ಕಳೆದ ಭಾನುವಾರ ತಂಗಿ ಬಂದಾಗ ಚಾರ್ಟ್ ತಂದಿದ್ದಳು. ಅದರಲ್ಲಿ ಈಗ ಗಂಡಸರ ಚೌಕಗಳ ಮೇಲೂ ಗೆರೆಗಳಿವೆ. ಕೆಲವು ಅರ್ಧಕ್ಕೆ ನಿಂತಿವೆ, ಪಕ್ಕದಲ್ಲಿ ಪ್ರಶ್ನೆಯ ಗುರುತು. ಎರಡು ಗೆರೆಯ ಕೆಳಗೆ, ಮಗಳ ಕಪ್ಪು ವೃತ್ತದ ಪಕ್ಕಕ್ಕೆ, ಹೊಸ ಗೆರೆಯೊಂದನ್ನು ಇಳಿಸಿ ತುದಿಗೆ ವಜ್ರದ ಆಕಾರ ಬರೆದಳು. ಗಂಡೋ ಹೆಣ್ಣೋ ತಿಳಿಯದ ಮಗುವಿಗೆ ಹಾಗೆ ಬರೆಯುವುದಂತೆ. ಮಗಳು ಕ್ರಯಾನ್ ಹಿಡಿದು ಬಣ್ಣ ತುಂಬಲು ಬಂದಳು.

"ಈಗ ಬೇಡ ಪುಟ್ಟಾ," ತಂಗಿ ಅವಳ ಕೈ ಹಿಡಿದಳು. "ಅದು ಬಂದ ಮೇಲೆ ಕೇಳಿ ಹಾಕುವ."